ಅತ್ತೆಯ ಡಬ್ಬಿ ಹಾಡುಗಳು

ನನ್ನ ಮೇಲೆ ಒಂದು ಹಾಡಿದೆ. ಹೊಸೂರಿನಿಂದ ರಾಯಕೋಟೆಯ ತನಕ ಯಾವ ಊರಿನ ಮದುವೆಗೆ ಹೋದರೂ, ಧಾರೆ ಮುಗಿದು ಹೆಂಗಸರು ಬೀಗರನ್ನು ರೇಗಿಸಲು ಗುಂಪು ಕೂಡಿದರೆ ಅದನ್ನು ಹಾಡುವವರು ಒಬ್ಬರಾದರೂ ಇರುತ್ತಾರೆ. ಅದು ಯಾರ ಮೇಲೆ ಕಟ್ಟಿದ್ದು ಅಂತ ಹಾಡುವ ಹುಡುಗಿಯರಿಗೆ ಗೊತ್ತಿರುವುದಿಲ್ಲ. ನಾನು ಪಂಕ್ತಿಯಲ್ಲಿ ತಲೆ ತಗ್ಗಿಸಿಕೊಂಡು ಅನ್ನ ಕಲಸುತ್ತಿರುತ್ತೇನೆ. ಪಕ್ಕದಲ್ಲಿ ಕೂತ ಹೆಂಡತಿ ಮೊಣಕೈಯಲ್ಲಿ ತಿವಿಯುತ್ತಾಳೆ. ಜನರ ಬಾಯಲ್ಲಿ ಹಾಡಾಗಿ ಉಳಿಯುವವರು ವೀರರೋ ಕಳ್ಳರೋ ಆಗಿರುತ್ತಾರೆ. ನಾನು ಎರಡೂ ಅಲ್ಲ. ಡಿಟಿಪಿ ಮಾಡುವವನು.

ಹಾಡು ಕಟ್ಟಿದವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಅಚ್ಚು ಮಾಡಿಸಿದ್ದರಲ್ಲಿ ಏನಾದರೂ ಬಿಟ್ಟುಹೋಗಿಯೇ ಇರುತ್ತದೆ ಎಂಬುದು ಅವರ ದೃಢವಾದ ನಂಬಿಕೆ. ಹೆಸರು ಹಾಕಿದರೆ ನೋಡಲು ಎದ್ದು ಬಂದರೂ ಬಂದಾರು. ನಾನು ಅವರನ್ನು ಅತ್ತೆ ಅನ್ನುತ್ತಿದ್ದೆ. ರಕ್ತಸಂಬಂಧ ಏನಿಲ್ಲ. ಉದ್ದನಪಲ್ಲಿ ನನ್ನ ಊರು, ಅವರ ತವರೂ ಅದೇ. ನಮ್ಮ ಕಡೆ ಅಪ್ಪನ ಓರಗೆಯ ಊರ ಹೆಣ್ಣುಮಕ್ಕಳೆಲ್ಲ ಅತ್ತೆಯರೇ, ಮತ್ತು ಅಳಿಯನನ್ನು ರೇಗಿಸುವುದು ಅತ್ತೆಯ ಹಕ್ಕು. ಅಳಿಯ ಸಿಟ್ಟಾಗುವ ಹಾಗಿಲ್ಲ. ಈ ಹಕ್ಕನ್ನು ನನ್ನ ಅತ್ತೆಯಷ್ಟು ಪೂರ್ತಿಯಾಗಿ ಬಳಸಿಕೊಂಡವರನ್ನು ನಾನು ನೋಡಿಲ್ಲ.

ಅವರು ಸಾನಮಾವು ಕಾಡಿನ ಪಕ್ಕದ ಒಂದು ಸರ್ಕಾರಿ ಶಾಲೆಯಲ್ಲಿ ಸತ್ತುಣವು ನಡೆಸುತ್ತಿದ್ದರು. ಶಾಲೆ ಮಕ್ಕಳ ಮಧ್ಯಾಹ್ನದ ಊಟಕ್ಕೆ ತಮಿಳುನಾಡಿನಲ್ಲಿ ಹಾಗನ್ನುತ್ತಾರೆ. ಆಫೀಸಿನ ಕಾಗದಪತ್ರವೆಲ್ಲ ತಮಿಳಿನಲ್ಲಿ, ಅಡುಗೆಯವಳ ಜೊತೆ ತೆಲುಗು, ಮಕ್ಕಳನ್ನು ಬೈಯುವುದು ಕನ್ನಡದಲ್ಲಿ. ಒಂದು ಸಲ ಆನೆಯೊಂದು ಅಡುಗೆಮನೆಯ ಹಿಂದೆ ಬಂದು ಕಿಟಕಿಯೊಳಕ್ಕೆ ಸೊಂಡಿಲು ತೂರಿಸಿ ಅಕ್ಕಿ ಮೂಟೆ ಹುಡುಕುತ್ತಿತ್ತಂತೆ. ಮೇಷ್ಟ್ರುಗಳು ಮಕ್ಕಳನ್ನು ಒಳಗೆ ಸೇರಿಸಿ ಬಾಗಿಲು ಹಾಕಿಕೊಂಡರು. ಅತ್ತೆ ಖಾಲಿ ಪಾತ್ರೆಯನ್ನು ಸೌಟಿನಿಂದ ಬಡಿಯುತ್ತಾ "ಪೋ ಸಾಮಿ, ಪೋ! ಇದು ಪಿಳ್ಳೈಂಗ ಅರಿಸಿ!" ಅಂತ ಗದರಿದರು. ಮಕ್ಕಳ ಅಕ್ಕಿ, ಹೋಗು ಅಂತ. ಆನೆ ಹೋಯಿತು. ಅಷ್ಟು ಗಾಬರಿಯಲ್ಲೂ ತಮಿಳು ಯಾಕೆ ಅಂತ ನಾನು ಕೇಳಿದ್ದೆ.

"ಪಾರೆಸ್ಟ್ ಡಿಪಾರ್ಟ್‌ಮೆಂಟ್ ಆನೆ ಕಣ್ಲಾ ಅದು. ಸರ್ಕಾರದ್ದು. ತಮಿಳ್ನಾಗೆ ಹೇಳಿದ್ರೇನೇ ನಾಟೋದು."

ನಿವೃತ್ತರಾಗಿ ಆಲಸನತ್ತಂನಲ್ಲಿ ಮಗನ ಮನೆ ಸೇರಿದ ಮೇಲೆ ಅವರ ಕೈಗೆ ಮಗ ಬಿಟ್ಟ ಹಳೆ ಲ್ಯಾಪ್‌ಟಾಪ್ ಸಿಕ್ಕಿತು. ಮೊಮ್ಮಗಳಿಂದ ಕನ್ನಡ ಟೈಪಿಂಗ್ ಕಲಿತರು. ಬೇರೆಯವರಾಗಿದ್ದರೆ ದೇವರ ಭಜನೆ ನೋಡುತ್ತಾ ಕೂರುತ್ತಿದ್ದರು. ಅತ್ತೆ ಪುಸ್ತಕ ಬರೆಯಲು ಕೂತರು. ನಮ್ಮ ಕಡೆ ಮದುವೆ ಹೇಗೆ ಮಾಡಬೇಕು ಎಂಬುದು ವಿಷಯ. ವೀಳ್ಯಶಾಸ್ತ್ರದಿಂದ ಹಿಡಿದು ಹೆಣ್ಣು ತುಂಬಿಸಿ ಕಳಿಸುವವರೆಗೆ ಯಾವ ಶಾಸ್ತ್ರ ಯಾವಾಗ, ಚಪ್ಪರಕ್ಕೆ ಯಾವ ಸೊಪ್ಪು, ಸೋದರಮಾವ ಎಲ್ಲಿ ನಿಲ್ಲಬೇಕು, ಮುನಿಸಿಕೊಂಡು ಊಟಕ್ಕೆ ಬಾರದ ದಾಯಾದಿಯನ್ನು ಯಾರು ಹೋಗಿ ಕರೆಯಬೇಕು ಎಲ್ಲವೂ ಅದರಲ್ಲಿತ್ತು. "ಮುಂದಿನ ಹೈಕ್ಳಿಗೆ ಕಲ್ಯಾಣಮಂಟಪದ ಮೇನೇಜರ್ರೇ ಪುರೋಯ್ತ ಆಗ್ಬುಡ್ತಾನೆ, ಅದ್ಕೇ ಬರೀತಿವ್ನಿ" ಅನ್ನುತ್ತಿದ್ದರು.

ಇನ್ನು ನನ್ನ ವಿಷಯ. ಹೊಸೂರು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ. ಲಗ್ನಪತ್ರಿಕೆ, ಕಿವಿ ಚುಚ್ಚುವ ಶಾಸ್ತ್ರದ ಫ್ಲೆಕ್ಸು, ಕಣ್ಣೀರಿನ ಶ್ರದ್ಧಾಂಜಲಿ ಪೋಸ್ಟರು ಎಲ್ಲವನ್ನೂ ಮೂರು ಭಾಷೆಗಳಲ್ಲಿ ಮಾಡಿಕೊಡುತ್ತೇನೆ. ಬೋರ್ಡಿನ ಮೇಲೆ ಮಾತ್ರ 'ಪುಸ್ತಕ ವಿನ್ಯಾಸ ತಜ್ಞರು' ಅಂತ ಬರೆಸಿದ್ದೆ. ಅಲ್ಲಿಯವರೆಗೆ ನಾನು ವಿನ್ಯಾಸ ಮಾಡಿದ್ದ ಅತಿ ದೊಡ್ಡ ಪುಸ್ತಕವೆಂದರೆ ಒಂದು ಚೀಟಿ ಕಂಪನಿಯ ಗೋಡೆ ಕ್ಯಾಲೆಂಡರು. ಆದರೆ ಪುಟವಿನ್ಯಾಸದ ಸಾಫ್ಟ್‌ವೇರಿನ ಬಗ್ಗೆ ಸಿಗುವ ವಿಡಿಯೊಗಳನ್ನೆಲ್ಲ ನೋಡಿ ಮುಗಿಸಿದ್ದೆ. ದಡದಲ್ಲಿ ಕೂತು ಈಜು ಕಲಿತವನಿಗೆ ಇರುವ ಧೈರ್ಯ ನೀರಿಗಿಳಿದವನಿಗೆ ಇರುವುದಿಲ್ಲ.

ಒಂದು ದಿನ ಅತ್ತೆ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಅಡಿಕೆ ಚೂರು ಮತ್ತು ಎರಡು ಲವಂಗದ ಜೊತೆಗಿದ್ದ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟರು.

"ಅಳಿಯ, ಬೋರ್ಡ್ ನೋಡ್ದೆ. ತಜ್ಞರು ಅಂತ ಹಾಕಿದ್ದೀಯ. ಎಷ್ಟ್ ಜನ ಇದ್ದೀರ ಒಳ್ಗೆ?"

"ನಾನೊಬ್ನೇ, ಅತ್ತೆ."

"ಸರಿ, ಒಬ್ನೇ ಮಾಡ್ಕೊಡು. ಮೊಮ್ಮಗ್ಳ ಮದ್ವೆಗೆ ತಾಂಬೂಲದ ಚೀಲ್ದಾಗೆ ಕಾಯಿ ಜೊತೆ ಈ ಪುಸ್ತಕ ಹಾಕ್ಬೇಕು."

ಫೈಲು ತೆಗೆದೆ. ಐನೂರು ಪುಟದ ಹತ್ತಿರದ ವರ್ಡ್ ಫೈಲು. ಅಂಥದ್ದನ್ನು ನಾನು ಕಂಡಿರಲಿಲ್ಲ. ತಲೆಬರಹ ಮಧ್ಯಕ್ಕೆ ಬರಲಿ ಅಂತ ಸ್ಪೇಸ್ ಬಾರ್ ಒತ್ತುತ್ತಾ ಹೋಗಿದ್ದರು. ಹೊಸ ಅಧ್ಯಾಯ ಹೊಸ ಪುಟಕ್ಕೆ ಬರಲಿ ಅಂತ ಎಂಟರ್ ಒತ್ತುತ್ತಾ ಹೋಗಿದ್ದರು. ಅರಿಶಿನದ ಶಾಸ್ತ್ರ ಹಳದಿ ಬಣ್ಣದಲ್ಲಿತ್ತು, ಹಸೆಮಣೆ ಕೆಂಪಿನಲ್ಲಿ. ಮಾಡಬಾರದ್ದೆಲ್ಲ ದಪ್ಪಕ್ಷರದಲ್ಲಿ, ಕೆಳಗೆ ಎರಡು ಗೆರೆ. ಅಲ್ಲಲ್ಲಿ ಹೂಬಳ್ಳಿಯ ಅಂಚಿನ ಚೌಕಗಳು ತೇಲಾಡುತ್ತಿದ್ದವು.

ನನಗೆ ಒಳಗೊಳಗೇ ಖುಷಿಯಾಯಿತು. ತಜ್ಞನಿಗೆ ತಕ್ಕ ರೋಗಿ ಸಿಕ್ಕಿದ್ದ. ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರು ಮಾಡಿದೆ. ವರ್ಡ್ ಫೈಲನ್ನು ಪುಟವಿನ್ಯಾಸಕ್ಕೆ ತರುವಾಗ ಎರಡು ದಾರಿ ಇವೆ. ಅದು ಉಟ್ಟಿದ್ದು ತೊಟ್ಟಿದ್ದರ ಸಮೇತ ಒಳಗೆ ಕರೆದುಕೊಳ್ಳುವುದು ಒಂದು, ಎಲ್ಲ ಕಳಚಿ ತೊಳೆದು ಬರೀ ಅಕ್ಷರವನ್ನು ಮಾತ್ರ ತರುವುದು ಇನ್ನೊಂದು. ದಡ್ಡರು ಮೊದಲನೆಯದು ಮಾಡುತ್ತಾರೆ, ತಿಳಿದವರು ಎರಡನೆಯದು ಅಂತ ವಿವರಿಸಿದೆ. ಆಮೇಲೆ ತೊಳೆದ ಅಕ್ಷರಕ್ಕೆ ಒಂದೇ ಕ್ಲಿಕ್ಕಿನಲ್ಲಿ ಹೊಸ ಉಡುಪು ತೊಡಿಸುವ ಸ್ಟೈಲ್ ಎಂಬುದರ ಮಹಿಮೆಯನ್ನು ಸುಮಾರು ಹೊತ್ತು ಹೇಳಿದೆ. ಅತ್ತೆ ಕನ್ನಡಕವನ್ನು ಹಣೆಗೇರಿಸಿ ಪೂರ್ತಿ ಕೇಳಿದರು.

"ಹಂಗಾದ್ರೆ ಮದ್ವೆ ಹೆಣ್ಣಿಗೆ ಬರೀ ಮೈಯಲ್ಲಿ ನೀರ್ ಹಾಕಿ, ಆಮೇಲೆ ನಿಂಗ್ ಬೇಕಾದ್ ಸೀರೆ ಉಡಿಸ್ತೀಯ."

"ಹೂಂ ಅತ್ತೆ, ಹಂಗೇ."

"ಹಳೇ ಸೀರೆ ಗಂಟ್ನಾಗೆ ಏನಾರ ಕಟ್ಟಿದ್ರೆ ನೋಡ್ಕೋ."

ನಾನು ನಕ್ಕೆ. ಪಾಠ ಕೇಳಿದವರು ಹೀಗೆ ಏನಾದರೊಂದು ಅನ್ನುವುದು ಸಹಜ ಅಂತ ಅದನ್ನು ಅಲ್ಲೇ ಬಿಟ್ಟುಬಿಟ್ಟೆ.

ಈ ಪುಸ್ತಕದ ಹಿಂದೆ ಒಂದು ಕರಾರಿತ್ತು. ಅದನ್ನು ಅತ್ತೆಯೇ ಹೇಳಿದರು. ಮೊಮ್ಮಗಳು ಹೊಸೂರಿನ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸದಲ್ಲಿದ್ದಳು. ಮೆದು ಮಾತಿನ ಹುಡುಗಿ. ಗಂಡಿನವರು ಕೃಷ್ಣಗಿರಿಯ ಕಡೆಯವರು, ಮನೆಮಾತು ತೆಲುಗು, ಮಾವಿನ ತೋಪಿದ್ದವರು. ನಮ್ಮಲ್ಲಿ ಧಾರೆಯಾದ ಮೇಲೆ ಹೆಣ್ಣಿನ ಕಡೆಯ ಹೆಂಗಸರು ಬೀಗರನ್ನು ಹಾಡಿನಲ್ಲಿ ಬೈಯುತ್ತಾರೆ. ಬೀಗಿತ್ತಿಯ ಮೂಗು, ಬೀಗರ ಹೊಟ್ಟೆ, ಮದುಮಗನ ನಡಿಗೆ ಏನನ್ನೂ ಬಿಡುವುದಿಲ್ಲ. ಅತ್ತೆ ಅದರಲ್ಲಿ ಎತ್ತಿದ ಕೈ. ಹಿಂದೊಮ್ಮೆ ನೆಂಟರ ಮನೆಯ ಮದುವೆಯಲ್ಲಿ ಅವರ ಹಾಡು ಕೇಳಿ ಬೀಗರು ಊಟಕ್ಕೆ ಕೂತವರು ಎಲೆ ಬಿಟ್ಟು ಎದ್ದಿದ್ದರು. ಅದನ್ನು ಕಂಡಿದ್ದ ಮೊಮ್ಮಗಳು ತನ್ನ ಮದುವೆಯಲ್ಲಿ ಅಜ್ಜಿ ಹಾಡಕೂಡದು ಅಂತ ಹಟ ಹಿಡಿದಿದ್ದಳು.

"ಆ ಮನೇಲಿ ಬಾಳ್ಬೇಕಾದೋಳು ನಾನು ಅಜ್ಜಿ, ನೀನಲ್ಲ, ಅಂತು ಹುಡ್ಗಿ. ಏನ್ ಹೇಳಾದು? ನಿಜ ಅಲ್ವೇನ್ಲಾ?" ಅಂದರು ಅತ್ತೆ. "ಅದ್ಕೇ ಒಪ್ಕಂಡೆ. ನಾನು ಬಾಯಿ ಬಿಡಲ್ಲ, ಆದ್ರೆ ಹಾಡು ಪುಸ್ತಕ್ದಾಗೆ ಇರ್ತವೆ, ಎಲ್ಲಾರ್ ಚೀಲ್ದಾಗೂ ಹೋಯ್ತವೆ ಅಂದೆ. ಹಾಡ್ದೆ ಇದ್ರೂ ಇರ್ಲಿ, ನಾನ್ ಹೋದ್ ಮ್ಯಾಲೆ ಯಾವಳಾರ ಒಬ್ಳು ಓದಿ ಹಾಡ್ತಾಳೆ."

ಇದನ್ನು ಹೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಅವರಿಗೆ ಶಾಸ್ತ್ರಗಳ ಐನೂರು ಪುಟವೂ ಒಂದೇ, ಆ ಹಾಡುಗಳೂ ಒಂದೇ ಎಂಬುದು ನನ್ನಂಥ ತಜ್ಞನಿಗೂ ಅರ್ಥವಾಯಿತು. ಹಾಡುಗಳ ಬಗ್ಗೆ ಚಿಂತೆ ಬೇಡ ಅಂತ ಎದೆ ತಟ್ಟಿ ಹೇಳಿದೆ.

ಕೆಲಸ ಶುರುವಾಯಿತು. ಮೊದಲ ಸಲ ಫೈಲನ್ನು ಒಳಗೆ ತಂದಾಗ ಪುಟಗಳು ತಾವಾಗಿಯೇ ಒಂದರ ಹಿಂದೊಂದು ಹುಟ್ಟಿಕೊಂಡವು. ಸೃಷ್ಟಿ ಮಾಡಿದ ಬ್ರಹ್ಮನಿಗೂ ಇಷ್ಟು ಜಂಬ ಬಂದಿತ್ತೋ ಇಲ್ಲವೋ. ಅತ್ತೆಗೂ ಹಾಗೇ ಹೇಳಿದೆ. ಹತ್ತಿರ ಹೋಗಿ ನೋಡಿದರೆ ಒತ್ತಕ್ಷರಗಳೆಲ್ಲ ಅಕ್ಷರದಿಂದ ಕಳಚಿ ಪಕ್ಕಕ್ಕೆ ಬಿದ್ದಿದ್ದವು. "ಏನ್ಲಾ, ನಿನ್ ಬ್ರಹ್ಮಸೃಷ್ಟಿಗೆ ಹಲ್ಲೆಲ್ಲ ಉದ್ರೋಗವೆ" ಅಂದರು ಅತ್ತೆ. ಕನ್ನಡ ಜೋಡಿಸುವ ಆಯ್ಕೆ ಒಂದನ್ನು ಹಾಕಬೇಕಿತ್ತು. ಹುಡುಕಿ ಹಾಕುವಷ್ಟರಲ್ಲಿ ವಾರ ಕಳೆಯಿತು. ಕಂಪ್ಯೂಟರು ಮೇಲಿಂದ ಮೇಲೆ ನಿಂತುಹೋಗತೊಡಗಿದಾಗ ಅತ್ತೆ ಉಪ್ಪು ಮೆಣಸಿನಕಾಯಿ ತಂದು ಅದಕ್ಕೆ ದೃಷ್ಟಿ ತೆಗೆದು ಗಲ್ಲಿಯ ಮೂಲೆಯಲ್ಲಿ ಸುಟ್ಟರು. ಪಕ್ಕದ ಟೈಲರು, ಟೀ ಅಂಗಡಿಯವನು ಕೆಮ್ಮುತ್ತಾ ಹೊರಗೆ ಬಂದರು. ಕಂಪ್ಯೂಟರಿನ ಮೆಮೊರಿ ಹೆಚ್ಚಿಸುವ ನನ್ನ ಉಪಾಯವೂ ಅವರ ಮೆಣಸಿನಕಾಯಿಯೂ ಒಂದೇ ದಿನ ನಡೆದದ್ದರಿಂದ ಯಾವುದು ಫಲಿಸಿತು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ.

ಹೂಬಳ್ಳಿಯ ಚೌಕಗಳ ವಿಷಯಕ್ಕೆ ಬರುತ್ತೇನೆ. ಅವನ್ನು ಅತ್ತೆ ಡಬ್ಬಿ ಅನ್ನುತ್ತಿದ್ದರು. ವರ್ಡಿನಲ್ಲಿ ಟೆಕ್ಸ್ಟ್ ಬಾಕ್ಸ್ ಅಂತ ಇರುತ್ತದಲ್ಲ, ಅದು. ಅದರೊಳಗೆ ಅಕ್ಷರ ತುಂಬಬಹುದು, ಬೇಕಾದ ಕಡೆ ಇಡಬಹುದು. ಅತ್ತೆ ಶಾಸ್ತ್ರವನ್ನು ಪುಟದ ಮೇಲೆ ಬರೆದರು, ಬೈಗುಳದ ಹಾಡುಗಳನ್ನು ಡಬ್ಬಿಗಳೊಳಗೆ ಹಾಕಿದರು. ಆರತಿ ಹಾಡು, ಹಸೆ ಹಾಡು ಮುಂತಾದ ಮರ್ಯಾದಸ್ಥ ಹಾಡುಗಳು ಮಾತ್ರ ಶಾಸ್ತ್ರದ ಜೊತೆಗೇ ಇದ್ದವು. ಯಾಕೆ ಹೀಗೆ ಮಾಡಿದಿರಿ ಅಂತ ಆಮೇಲೆ, ಎಲ್ಲ ಮುಗಿದ ಮೇಲೆ, ಕೇಳಿದೆ. "ಅರಿಶಿನದ ಡಬ್ಬಿಗೆ ಮೆಣಸಿನ್‌ಪುಡಿ ಚಮ್ಚ ಹಾಕ್ತಾರೇನ್ಲಾ? ಮನೇಲಿ ನಿನ್ ಹೆಂಡ್ತಿ ಅಂಗೇ ಮಾಡ್ತಾಳಾ?" ಅಂದರು. ಪ್ರಶ್ನೆ ಕೇಳಿದ್ದಕ್ಕೆ ನನ್ನ ಹೆಂಡತಿಯೂ ಬೈಸಿಕೊಂಡಳು.

ತೊಳೆದು ಬರೀ ಅಕ್ಷರ ತರುತ್ತೇನೆ ಅಂದಿದ್ದೆನಲ್ಲ, ಅದನ್ನೇ ಮಾಡಿದೆ. ಬಣ್ಣ ಹೋಯಿತು, ಗೆರೆ ಹೋಯಿತು, ಸ್ಪೇಸು ಹೋಯಿತು. ಪುಟದಿಂದ ಬೇರೆಯಾಗಿ ತೇಲುತ್ತಿದ್ದ ಡಬ್ಬಿಗಳು ತಮ್ಮೊಳಗಿನ ಹಾಡುಗಳ ಸಮೇತ ಹೋದವು. ಹೂಬಳ್ಳಿ ಅಂಚು ನೋಡಿ ಅವನ್ನೂ ನಾನು ಅಲಂಕಾರ ಅಂದುಕೊಂಡಿದ್ದೆ. ಅಲ್ಲಿ ಹಾಡು ಇದ್ದದ್ದು ಕಾಣಲಿಲ್ಲವೇ ಅಂತ ನೀವು ಕೇಳಬಹುದು. ತಜ್ಞನಾದವನು ಓದುವುದಿಲ್ಲ ಸ್ವಾಮಿ, ಪುಟದ ಬಿಳಿ ಜಾಗ ನೋಡುತ್ತಾನೆ. ಪುಸ್ತಕ ತೆಗೆದರೆ ಅಲ್ಲಲ್ಲಿ ಆರತಿ ಹಾಡುಗಳು ಕಾಣುತ್ತಿದ್ದವು. ಹಾಡು ಇದೆ ಅಂತ ನಾನು ನಿಶ್ಚಿಂತನಾಗಿದ್ದೆ.

ಕರಡು ತಿದ್ದುವ ಹೊತ್ತಿಗೆ ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ಹಸಿರು ಬಟ್ಟೆ ಕಟ್ಟಿದ್ದರು. ಸಂಜೆ ಮೊಮ್ಮಗಳು ಕೆಲಸದಿಂದ ಬಂದು ಓದಿ ಹೇಳುತ್ತಿದ್ದಳು. ಅವಳು ನಾಚಿಕೆ ಸ್ವಭಾವದವಳು ಅಂತ ಅತ್ತೆ "ಬೈಯೋ ಹಾಡು ಓದ್ಬ್ಯಾಡ, ನಂಗವು ಬಾಯ್‌ಪಾಠ, ಶಾಸ್ತ್ರ ಓದು ಸಾಕು" ಅಂದಿದ್ದರಂತೆ. ಹುಡುಗಿ ಶಾಸ್ತ್ರ ಓದಿದಳು. ಹಾಡುಗಳು ಎಲ್ಲೂ ಅಡ್ಡ ಬರಲಿಲ್ಲ. ಅವೆಲ್ಲ ಕೊನೆಯಲ್ಲಿ ಒಟ್ಟಿಗೆ ಬರುತ್ತವೇನೋ ಅಂದುಕೊಂಡು ಸುಮ್ಮನಾದಳು. ಹೀಗೆ ಮೂವರೂ ನೆಮ್ಮದಿಯಾಗಿದ್ದೆವು, ಪುಸ್ತಕ ಅಚ್ಚಿಗೆ ಹೋಯಿತು.

ಅಚ್ಚಿನ ಕಟ್ಟುಗಳು ಬಂದಿಳಿದದ್ದು ಮದುವೆಯ ದಿನ ಬೆಳಿಗ್ಗೆ, ನೇರವಾಗಿ ಕಲ್ಯಾಣಮಂಟಪಕ್ಕೆ. ನಾನು ಹೊಸ ರೇಷ್ಮೆ ಅಂಗಿ ಹಾಕಿಕೊಂಡು ಎದುರು ಸಾಲಿನಲ್ಲಿ ಕೂತಿದ್ದೆ. ಪುಸ್ತಕ ಮಾಡಿಕೊಟ್ಟವರಿಗೆ ಶಾಲು ಹೊದಿಸುತ್ತಾರೆ ಅಂತ ಯಾರೋ ಅಂದಿದ್ದರು. ಶಾಲು ಹೊದಿಸುವಾಗ ಕತ್ತು ಎಷ್ಟು ಬಗ್ಗಿಸಬೇಕು ಎಂಬುದನ್ನು ಮನೆಯಲ್ಲಿ ಕನ್ನಡಿಯ ಮುಂದೆ ನೋಡಿಕೊಂಡು ಬಂದಿದ್ದೆ. ಧಾರೆ ಮುಗಿಯಿತು. ಅತ್ತೆ ಹೊಸ ಕನ್ನಡಕ ಹಾಕಿಕೊಂಡು, ಕಂಬದ ಪಕ್ಕ ಕುರ್ಚಿಯಲ್ಲಿ ಕೂತು, ಪುಸ್ತಕ ತೆಗೆದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಯಾವಾಗ ಅರಳುತ್ತದೋ ಅಂತ.

ಅವರು ಮುಂದಿನಿಂದ ಹಿಂದಕ್ಕೆ ತಿರುವಿದರು. ಹಿಂದಿನಿಂದ ಮುಂದಕ್ಕೆ ತಿರುವಿದರು.

"ಅಳಿಯ, ಬಾಲಾ ಇಲ್ಲಿ."

ಹೋದೆ.

"ನನ್ ಡಬ್ಬಿಗ್ಳೆಲ್ಲಿ?"

ಕ್ಷಣ ಹೊತ್ತು ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರ ಪಕ್ಕ ಬಗ್ಗಿ ನಾನೂ ಪುಟ ತಿರುವಿದೆ. ಆದರೂ ನನ್ನೊಳಗಿನ ತಜ್ಞ ಸಾಯಲಿಲ್ಲ. "ಅತ್ತೆ, ಅದು ಟೆಕ್ಸ್ಟ್ ಬಾಕ್ಸು. ಬರೀ ಪಠ್ಯ ತರುವಾಗ ಸಾಫ್ಟ್‌ವೇರು ಅದನ್ನ ತಗಳ್ಳಲ್ಲ..." ಅಂತ ತೊದಲಿದೆ.

"ಅದು ತಗಳ್ಳಿಲ್ವೋ, ನೀನು ಕೊಡ್ಲಿಲ್ವೋ?"

ಅವರು ಬೈಯಲಿಲ್ಲ, ಅದೇ ಕಷ್ಟವಾದದ್ದು. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡರು. ಎಂಟು ವರ್ಷ ಕೂತು ಬರೆದದ್ದು ಹೀಗಾಯಿತಲ್ಲ ಅಂತಲೋ, ಹಾಡದೆ ಇರುವ ಮಾತಿಗೆ ಕಟ್ಟುಬಿದ್ದು ಎರಡೂ ಹೋಯಿತಲ್ಲ ಅಂತಲೋ, ಕಣ್ಣು ಒರೆಸಿಕೊಂಡರು. ಪೊರೆ ತೆಗೆಸಿದ ಕಣ್ಣು, ನೀರು ಬರುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಹೊತ್ತಿನಲ್ಲಿ ನನ್ನ ರೇಷ್ಮೆ ಅಂಗಿ ಮೈಮೇಲೆ ಚುಚ್ಚುತ್ತಿತ್ತು.

ಆಮೇಲೆ ಎದ್ದು ಮಂಟಪದ ಮೆಟ್ಟಿಲ ಹತ್ತಿರ ಹೋದರು. ಹಸೆಯ ಮೇಲಿದ್ದ ಮೊಮ್ಮಗಳು ಅಜ್ಜಿಯ ಮುಖ ನೋಡಿಯೇ ಬೆದರಿದಳು.

"ಅಜ್ಜೀ, ಬೇಡ. ಪ್ಲೀಸ್. ಮಾತು ಕೊಟ್ಟಿದ್ದೀಯ."

"ಪುಸ್ತಕ್ದಾಗೆ ಹಾಡಿರ್ತವೆ ಅಂತ ಕೊಟ್ಟಿದ್ದೆ ಮಗ. ಪುಸ್ತಕ್ದಾಗೆ ಒಂದೂ ಇಲ್ಲ."

ಹುಡುಗಿ ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. ನಾನು ಮಂಟಪದ ಹೂವಿನ ಅಲಂಕಾರ ನೋಡಿದೆ.

"ಹೆದರ್ಕಬ್ಯಾಡ," ಅಂದರು ಅತ್ತೆ. "ಬೀಗರ ಮ್ಯಾಲೆ ಉಸ್ರು ಬಿಡಲ್ಲ. ಕೊಟ್ಟ ಮಾತು ಕೊಟ್ಟಿದ್ದೇ. ನನ್ ಅಳಿಯನ್ ಮ್ಯಾಲೆ ಒಂದು ಹಾಡ್ಕತೀನಿ. ಅವ್ನಿಗೆ ಕಳ್ಕಳಾಕೆ ಏನೂ ಇಲ್ಲ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಕಿವಿಗಿಟ್ಟು ಶುರು ಮಾಡಿಯೇ ಬಿಟ್ಟರು. ಅಲ್ಲೇ ಕಟ್ಟಿದ್ದು, ಅಲ್ಲೇ ಹಾಡಿದ್ದು:

ಹೊಸೂರು ಬಸ್ಟ್ಯಾಂಡ್ ಹಿಂದೆ ಅಂಗ್ಡಿ ಇಟ್ಟ ಅಳಿಯ
ಅಕ್ಸರ ತೊಳಿತೀನಂತ ಕುಂತ
ತೊಳ್ದು ತೊಳ್ದು ಸೀರೆ ಬಣ್ಣ ನೀರ್ಗೆ ಬುಟ್ಟು
ಬರಿ ಅಂಚು ಹಿಡ್ಕೊಂಡು ಬಂದ

ರೇಸ್ಮೆ ಅಂಗಿ ನೋಡ್ರಮ್ಮ, ಇಸ್ತ್ರಿ ಗೆರೆ ನೋಡ್ರಮ್ಮ
ಒಳ್ಗೇನೈತೆ ಕೇಳ್ಬ್ಯಾಡ್ರಮ್ಮ
ಡಬ್ಬಿ ಮುಚ್ಚುಳ ತೆಗ್ಯಾಕ್ ಬರ್ದಿದ್ದ ಗಂಡ್ಸು
ತಜ್ಞ ಅಂತ ಬೋರ್ಡು ಬರ್ಸವ್ನಮ್ಮ

ಹೆಂಗಸರು ಮೊದಲು ಹಿಂಜರಿದರು, ಎರಡನೆಯ ಸಾಲಿಗೆ ಕೂಡಿಕೊಂಡರು. ಕೊನೆಯ ಸಾಲನ್ನು ಅಡುಗೆಯವರೂ ಒಳಗಿನಿಂದ ಬಂದು ಹಾಡಿದರು. ವಿಡಿಯೊ ತೆಗೆಯುವವನು ಮದುಮಕ್ಕಳನ್ನು ಬಿಟ್ಟು ನನ್ನ ಮುಖಕ್ಕೆ ಲೈಟು ಬಿಟ್ಟ. ಆ ಮದುವೆಯ ವಿಡಿಯೊದಲ್ಲಿ ತಾಳಿಗಿಂತ ಹೆಚ್ಚು ಹೊತ್ತು ನಾನಿದ್ದೇನೆ.

ಹಾಡು ನಿಂತಾಗ ಗಂಡಿನ ತಾಯಿ ಎದ್ದರು. ಎತ್ತರದ ಹೆಂಗಸು, ಕಿವಿ ತುಂಬ ಓಲೆ. ಮೊಮ್ಮಗಳು ಕಣ್ಣು ಮುಚ್ಚಿಕೊಂಡಳು. ಬೀಗಿತ್ತಿ ಅತ್ತೆಯ ಎದುರು ಬಂದು ನಿಂತು, ತೆಲುಗು ಬೆರೆತ ಕನ್ನಡದಲ್ಲಿ ಜೋರಾಗಿಯೇ ಕೇಳಿದರು.

"ಏಮಿ ವದಿನಾ, ಇದು ನ್ಯಾಯಾನಾ? ಪುಸ್ತಕ ಮಾಡ್ದೋನ್ಗೆ ಹಾಡು, ನಮ್ಗಿಲ್ವಾ? ನಾವೇನು ಕರೀದೆ ಬಂದಿರೋರಾ?"

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಕಿವಿಗೆ ಕೈ ಇಟ್ಟರು.

ಹೊಸೂರು ವದಿನಮ್ಮ ರೋಜಾಲು ಪೆಂಚಿಂದಿ
ಪೂಲನ್ನೀ ಅಮ್ಮೇಸಿ ಮುಲ್ಲು ಮಾಕಿಚ್ಚಿಂದಿ

ಹೊಸೂರಿನ ವದಿನ, ಅಂದರೆ ಅತ್ತಿಗೆ, ಗುಲಾಬಿ ಬೆಳೆದಳಂತೆ, ಹೂವೆಲ್ಲ ಮಾರಿಕೊಂಡು ಮುಳ್ಳು ಮಾತ್ರ ನಮಗೆ ಕೊಟ್ಟಳಂತೆ. ಗಂಡಿನ ಕಡೆಯವರು ಶಿಳ್ಳೆ ಹೊಡೆದರು. ಅತ್ತೆ ಮೊಮ್ಮಗಳ ಕಡೆ ತಿರುಗಿ ನೋಡಿದರು. ಹುಡುಗಿ ನಗಲೋ ಅಳಲೋ ತಿಳಿಯದೆ ತಲೆ ಆಡಿಸಿದಳು. ಅಷ್ಟು ಸಾಕಾಯಿತು.

ಕೃಷ್ಣಗಿರಿ ಬೀ‌ಗಿತ್ತಿ ಮಾವಿನಣ್ಣು ತಂದ್ಲಮ್ಮ
ಬುಟ್ಟಿ ತುಂಬ ತಂದೆ ಅಂದ್ಲಮ್ಮ
ಮ್ಯಾಗೆರ್ಡು ಹಣ್ಣು, ಕೆಳ್ಗೆಲ್ಲ ಬರಿ ಹುಲ್ಲು
ಮಗನ್ನೂ ಹಂಗೇ ತಂದ್ಲೇನಮ್ಮ

ಆವತ್ತು ಊಟ ತಡವಾಯಿತು. ಯಾರೂ ಎಲೆ ಬಿಟ್ಟು ಏಳಲಿಲ್ಲ. ಶಾಲನ್ನು ನನಗೂ ಹೊದಿಸಿದರು. ಬೀಗಿತ್ತಿಯೇ ಹೊದಿಸಿ, "ನುವ್ವು ತೊಳ್ದಿದ್ದು ಮಂಚಿದೇ ಆಯ್ತು ನಾಯ್ನಾ" ಅಂದರು. ಒಳ್ಳೆಯದೇ ಆಯಿತು ಅಂತ. ಕತ್ತು ಎಷ್ಟು ಬಗ್ಗಿಸಿದೆನೋ ಗೊತ್ತಿಲ್ಲ.

ಮದುವೆಯಾದ ಮೇಲೆ ಡಬ್ಬಿ ಹಾಡುಗಳನ್ನೆಲ್ಲ ಒಂದು ಸಣ್ಣ ಪುಸ್ತಕವಾಗಿ ಬೇರೆ ಮಾಡಿಕೊಟ್ಟೆ. ಈ ಸಲ ಡಬ್ಬಿಗಳನ್ನು ಒಂದೊಂದಾಗಿ ತೆರೆದು, ಕೈಯಾರೆ ಎತ್ತಿ, ಪುಟಕ್ಕೆ ಹಾಕಿದೆ. ಅತ್ತೆ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದರು. ಅವರಿಗೆ ಒಪ್ಪದ ಪುಟ ಬಂದರೆ ಅನ್ನದ ಅಗುಳು ಹಿಸುಕುವಂತೆ ಎರಡು ಬೆರಳು ಉಜ್ಜಿ "ಬೆಂದಿಲ್ಲ" ಅನ್ನುತ್ತಿದ್ದರು. ಮೌಸು ಕೈಗೆ ಸಿಕ್ಕರೆ ರಾಗಿ ಬೀಸುವ ಹಾಗೆ ಗುಂಡಗೆ ತಿರುಗಿಸುತ್ತಿದ್ದರು. ನನ್ನ ಮೇಲಿನ ಹಾಡನ್ನು ಮೊದಲನೆಯ ಪುಟಕ್ಕೇ ಹಾಕಬೇಕು ಅಂತ ಅಪ್ಪಣೆಯಾಯಿತು. ನನ್ನ ಅವಮಾನವನ್ನು ನಾನೇ ಟೈಪ್ ಮಾಡಿ, ನಾನೇ ಕರಡು ತಿದ್ದಿ, ಸಣ್ಣ ಅಕ್ಷರದಲ್ಲಿ ಕೂರಿಸಿ ತೋರಿಸಿದೆ. ಬೆರಳು ಉಜ್ಜಿದರು. "ಇನ್ನೂ ಒಸಿ ದೊಡ್ಡಕ್ಸರ ಹಾಕು. ಮುದುಕೀರೂ ಓದ್ಬೇಕು."

ಬೋರ್ಡಿನಿಂದ 'ತಜ್ಞರು' ಅಳಿಸಲು ಹೋದಾಗ ತಡೆದವರೂ ಅವರೇ. "ಇರ್ಲಿ ಬುಡ್ಲಾ. ಅದ್ನ ಅಳಿಸ್ಬುಟ್ರೆ ನನ್ ಹಾಡು ಯಾರಿಗೆ ಅರ್ಥ ಆಯ್ತದೆ?" ಬೋರ್ಡು ಈಗಲೂ ಹಾಗೇ ಇದೆ.

ಅಷ್ಟಾದರೂ ಅವರೊಳಗೆ ಒಂದು ಕೊರಗು ಉಳಿದಿತ್ತು. ಒಂದು ದಿನ ಅಂಗಡಿಯಲ್ಲಿ ಟೀ ಕುಡಿಯುತ್ತಾ, ಕೇಳದೆಯೇ ಹೇಳಿದರು. "ಪುಸ್ತಕ ಆಯ್ತು, ಹಾಡಿದ್ದೂ ಆಯ್ತು. ಮೊಮ್ಮಗ್ಳು ಒಂದ್ ಸಾಲೂ ಹಾಡ್ಲಿಲ್ಲ ನೋಡು. ನಗ್ತಾಳೆ, ತಲೆ ಆಡಿಸ್ತಾಳೆ. ಬಾಯ್ ಬಿಡಲ್ಲ. ಪುಸ್ತಕ್ದಾಗೆ ಇದ್ರೆ ಏನಾಯ್ತು ಅಳಿಯ, ಹಾಡೋಳು ಇಲ್ದೆ?" ನನ್ನ ಹತ್ತಿರ ಅದಕ್ಕೆ ಯಾವ ಸ್ಟೈಲೂ ಇರಲಿಲ್ಲ. ಇನ್ನೊಂದು ಟೀ ತರಿಸಿದೆ.

ಅತ್ತೆಯೂ ಬೀಗಿತ್ತಿಯೂ ಮಾತ್ರ ಬಿಡಲಿಲ್ಲ. ಹಬ್ಬಕ್ಕೆ, ಬಸಿರಿನ ಮಡಿಲಕ್ಕಿಗೆ, ಹೊಸ ಮನೆಗೆ ಸೇರಿದಾಗಲೆಲ್ಲ ಇಬ್ಬರೂ ಒಬ್ಬರಿಗೊಬ್ಬರು ಹಾಡಿಕೊಂಡರು. ಮಗುವಿಗೆ ಹೆಸರಿಟ್ಟ ದಿನ ಬೀಗಿತ್ತಿ ಹೊಸದೊಂದು ಕಟ್ಟಿ ತಂದಿದ್ದರು.

ಮಾಟ ರಾನಿ ಪಿಲ್ಲನು ಮಾಕು ಕಟ್ಟಿಪೆಟ್ಟಿಂದಿ
ನೋರು ಲೇನಿ ಬೊಮ್ಮನು ಮಾ ಇಂಟಿಕಿ ಪಂಪಿಂದಿ

ಮಾತು ಬಾರದ ಹುಡುಗಿಯನ್ನು ನಮಗೆ ಕಟ್ಟಿದಳು, ಬಾಯಿಲ್ಲದ ಗೊಂಬೆಯನ್ನು ನಮ್ಮ ಮನೆಗೆ ಕಳಿಸಿದಳು. ಆವತ್ತು ಅತ್ತೆಗೆ ವಿಪರೀತ ಕೆಮ್ಮು. ಕೈ ಎತ್ತಿ, "ಮುಂದಿನ್ ಸಲ ಬದ್ಲು ಕೊಡ್ತೀನಿ ವದಿನಾ, ಬಡ್ಡಿ ಸೇರ್ಸಿ" ಅಂದರು. ಆ ಕೆಮ್ಮು ಇಳಿಯಲಿಲ್ಲ. ಆಸ್ಪತ್ರೆ, ಮನೆ, ಆಸ್ಪತ್ರೆ ಅಂತ ಓಡಾಡಿ ಕೊನೆಗೆ ಮನೆಯಲ್ಲೇ ಹೋದರು.

ತಿಥಿಯ ದಿನ ಆಲಸನತ್ತಂಗೆ ಹೋದೆ. ಪಟದ ಕೆಳಗೆ ಹಾಕಲು ಕಾರ್ಡು ನಾನೇ ಮಾಡಿದ್ದೆ, ಅದರಲ್ಲೂ ಏನು ಬಿಟ್ಟಿದ್ದೇನೋ ಅಂತ ದಾರಿಯುದ್ದಕ್ಕೂ ಓದಿಕೊಂಡು ಹೋದೆ. ಊಟವಾದ ಮೇಲೆ ಹೆಂಗಸರು ನಡುಮನೆಯಲ್ಲಿ ಚಾಪೆ ಮೇಲೆ ಕೂತಿದ್ದರು. ಬೀಗಿತ್ತಿ ಪಟದ ಎದುರು ಹೋಗಿ ಕೂತರು. ಆಮೇಲೆ ಪಟವನ್ನೇ ಗದರಿದರು.

"ಬದುಲು ಚೆಪ್ಪಕುಂಡಾ ಪೋತಾವಾ ವದಿನಾ? ಉತ್ತರ ಕೊಡ್ದೆ ಹೋಗ್ಬುಡೋದಾ?"

ಮತ್ತೆ ಅದೇ ಎರಡು ಸಾಲು ಹಾಡಿದರು, ಬಾಯಿಲ್ಲದ ಗೊಂಬೆಯದು. ಜೋರಾಗಿ ಅಲ್ಲ. ಹಾಡಿ, ಉತ್ತರ ಬರುತ್ತದೇನೋ ಎಂಬಂತೆ ಪಟದ ಕಡೆ ಮುಖ ಮಾಡಿ ಕಾದರು. ಬಾಗಿಲ ಹತ್ತಿರ ಗಂಡಸರ ಸಾಲಿನಲ್ಲಿ ನಿಂತಿದ್ದ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಹೊರಡಲೂ ಆಗಲಿಲ್ಲ.

ಗೋಡೆಗೊರಗಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಮೊಮ್ಮಗಳು ತಲೆ ಎತ್ತಿದಳು. ಮೊದಲ ಸಾಲು ನಡುಗುತ್ತಲೇ ಬಂತು.

ಗೊಂಬೆ ಅಂತ ತಂದ್ಕೊಂಡ್ಲು ಕೃಷ್ಣಗಿರಿ ಅತ್ತಮ್ಮ
ಬೀರುವಿನಾಗ್ ಇಡ್ತೀನಂದ್ಲಮ್ಮ
ನಮ್ಮಜ್ಜಿ ನಾಲ್ಗೆ ಗೊಂಬೆ ಬಾಯಾಗೈತೆ
ಕಿವಿಗ್ ಹತ್ತಿ ಹುಡುಕ್ಕೋ ಅತ್ತಮ್ಮ

ಅದು ಅತ್ತೆಯ ಫೈಲಿನಲ್ಲಿ ಇರಲಿಲ್ಲ. ಯಾವ ಡಬ್ಬಿಯಲ್ಲೂ ಇರಲಿಲ್ಲ. ಅವಳೇ ಕಟ್ಟಿದ್ದು.

ತಿಥಿಯ ಮನೆಯಲ್ಲಿ ಹೆಂಗಸರೆಲ್ಲ ನಕ್ಕುಬಿಟ್ಟರು. ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಬೀಗಿತ್ತಿ ಸೊಸೆಯ ಹತ್ತಿರ ಹೋಗಿ ಅವಳ ಗಲ್ಲ ಹಿಡಿದರು. ಆಮೇಲೆ ಪಟದ ಕಡೆ ತಿರುಗಿ, ಬಾಗಿಲ ತನಕ ಬಂದು ನೆಂಟರನ್ನು ಬೀಳ್ಕೊಡುವವರ ದನಿಯಲ್ಲಿ ಹೇಳಿದರು.

"ಸರಿ, ಇಂಕ ಪೋಯಿರಾ ವದಿನಾ."

ಇನ್ನು ಹೋಗಿ ಬಾ ಅಂತ.